ಕೆಂಪು ದಾರದ ಬ್ಯಾಗ್

ನವೆಂಬರ್ ಹದಿನೇಳು, ಸೋಮವಾರ, ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ಸೈರನ್ ಕೂಗಿತು. ನಾನು ನದಿ ದಂಡೆಯ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಒದ್ದೆ ಮಣ್ಣನ್ನು ತೂಗುತ್ತಿದ್ದೆ. ಊರಿನ ಮೇಲ್ಗಡೆಯ ಅಣೆಕಟ್ಟಿನ ಗೋಡೆ ಜಿನುಗುತ್ತಿದೆ, ಸೈರನ್ ಕೂಗಿದ ಕೂಡಲೇ ಎಲ್ಲರೂ ಗುಡ್ಡದ ಮೇಲಿನ ಮೈದಾನಕ್ಕೆ ಹೋಗಬೇಕು ಎಂದು ಮೊದಲೇ ಸಾರಿದ್ದರು. ಒಬ್ಬೊಬ್ಬರೂ ಒಂದು ಬ್ಯಾಗ್ ತುಂಬಿಟ್ಟುಕೊಂಡಿರಬೇಕು ಎಂದೂ ಹೇಳಿದ್ದರು.

ಮನೆಯಲ್ಲಿದ್ದವರು ನಾನು ಮತ್ತು ನನ್ನ ತಂಗಿ, ಇಬ್ಬರೇ. ಬಾಗಿಲ ಹಿಂದಿನ ಮೊಳೆಗಳಿಗೆ ಎರಡು ನೀಲಿ ಬ್ಯಾಗ್‌ಗಳನ್ನು ನೇತುಹಾಕಿದ್ದೆ. ನೀರು, ಬಿಸ್ಕತ್ತು, ಹೊದಿಕೆ, ಮಾತ್ರೆ, ಕಾಗದಪತ್ರ. ತೂಗುವುದೇ ನನ್ನ ಕಸುಬು. ಎರಡೂ ಸರಿಯಾಗಿ ಆರು ಕೆಜಿ ಆಗುವ ತನಕ ಸಾಮಾನುಗಳನ್ನು ಅತ್ತಿಂದಿತ್ತ ಬದಲಿಸಿದ್ದೆ.

“ಏನಕ್ಕಾ ಇದು, ಟಾರ್ಚ್ ನನ್ನ ಹತ್ರ, ಸೆಲ್ಲು ನಿನ್ನ ಹತ್ರ?” ಎಂದಿದ್ದಳು ತಂಗಿ.

“ತೂಕ ಸಮ ಆಗ್ಬೇಕಲ್ಲ. ಹೇಗೂ ಇಬ್ರೂ ಒಟ್ಟಿಗೇ ಇರ್ತೀವಿ.”

“ನಾನು ಅರ್ಧ ದಾರೀಲಿ ಕೈಕೊಟ್ರೆ?”

“ಕತ್ತಲಲ್ಲಿ ಕೂತಿರು.”

“ತಕ್ಕಡಿ ಮಹಾರಾಣಿ! ನಲವತ್ತನಾಲ್ಕು ಕೆಜಿ ಇರೋಳ ಬೆನ್ನಿಗೆ ಆರು ಕೆಜಿ! ಬ್ಯಾಗ್ ಬಿಡು, ನನ್ನನ್ನೇ ಹೊತ್ಕೊಂಡು ಹೋಗು.”

“ನಾನಿರೋದೇ ಐವತ್ತೆಂಟು. ನಿನ್ನ ಹೊತ್ರೆ ಸೊಂಟ ಮುರಿಯುತ್ತೆ ಅಷ್ಟೇ.”

ಅವಳು ಮನೆಯಲ್ಲೇ ಪರದೆ ಹೊಲಿಯುತ್ತಿದ್ದಳು. ಗುರುತಿಗಿರಲಿ ಎಂದು ತನ್ನ ಬ್ಯಾಗಿನ ಜಿಪ್ಪಿಗೆ ಕೆಂಪು ದಾರ ಕಟ್ಟಿದಳು. ಅವಳಿಗೆ ಉಬ್ಬಸ. ಮನೆಯಲ್ಲಿದ್ದ ಇನ್‌ಹೇಲರ್ ಆ ವಾರವೇ ಮುಗಿದಿತ್ತು. ಹೊಸದು ಕೆಂಪು ದಾರದ ಬ್ಯಾಗಿನ ಹೊರ ಜೇಬಿನಲ್ಲಿತ್ತು.

ಸೈರನ್ ಇನ್ನೂ ಕೂಗುತ್ತಿರುವಾಗಲೇ ಅವಳ ಫೋನ್ ಬಂತು. “ಅಕ್ಕಾ, ಬ್ಯಾಗ್ ಹೆಗಲಿಗೆ ಹಾಕಿದೀನಿ. ಬರ್ತೀನಿ.” ಅಷ್ಟೇ, ಕಟ್ಟಾಯಿತು. ಮತ್ತೆ ಸಿಗಲಿಲ್ಲ.

ಬರ್ತೀನಿ. ಮನೆ ಬಿಡುವಾಗ ನಾವು ಹೇಳುವುದೂ ಅದನ್ನೇ. ನನ್ನ ಕಡೆಗೇ ಬರುವುದಿದ್ದರೆ ಅವಳು ‘ಬಂದೆ’ ಅನ್ನುತ್ತಿದ್ದಳು. ಊಟಕ್ಕೆ ಕರೆದರೆ ಬಚ್ಚಲಿನಿಂದ ‘ಬಂದೆ, ಬಂದೆ’ ಎಂದು ಕೂಗಿ ಅರ್ಧ ಗಂಟೆ ಕಾಯಿಸುವವಳು ಅವಳು. ಹಾಗಾದರೆ ಮೈದಾನಕ್ಕೆ ಹೊರಟಿದ್ದಾಳೆ ಎಂದು ಲೆಕ್ಕ ಹಾಕಿ ನಾನು ಲ್ಯಾಬಿನಿಂದ ಹೊರಬಿದ್ದೆ. ಗುಡ್ಡದ ದಾರಿಯಲ್ಲೇ ನಮ್ಮ ಮನೆ.

ದೊಡ್ಡ ರಸ್ತೆಯಲ್ಲಿ ಒಬ್ಬರೂ ಇರಲಿಲ್ಲ. ಕ್ಷೌರದಂಗಡಿಯ ಫ್ಯಾನು ಖಾಲಿ ಕುರ್ಚಿಯ ಮೇಲೆ ತಿರುಗುತ್ತಿತ್ತು. ಚರಂಡಿಯ ನೀರು ನಿಂತು, ನೋಡನೋಡುತ್ತಿದ್ದಂತೆ ಹಿಂದಕ್ಕೆ ಹರಿಯತೊಡಗಿತು.

ಮನೆಯ ಬಾಗಿಲಿಗೆ ಬೀಗವಿರಲಿಲ್ಲ, ಬರೀ ಎಳೆದುಕೊಂಡಿತ್ತು. ಹೊಲಿಗೆ ಯಂತ್ರದ ಸೂಜಿ ಬಟ್ಟೆಯಲ್ಲೇ ಚುಚ್ಚಿಕೊಂಡಿತ್ತು. ಮೊಳೆಯಲ್ಲಿ ಒಂದು ಬ್ಯಾಗ್ ಇತ್ತು. ಅದಕ್ಕೆ ಕೆಂಪು ದಾರ.

ಗಡಿಬಿಡಿಯಲ್ಲಿ ನನ್ನದನ್ನು ಎತ್ತಿಕೊಂಡು ಹೋಗಿದ್ದಾಳೆ, ಪೆದ್ದಿ. ಆ ಚಡಾವು ಹತ್ತುವಾಗ ಉಸಿರು ಕಟ್ಟಿದರೆ? ಕೆಂಪು ದಾರದ ಬ್ಯಾಗನ್ನು ಬೆನ್ನಿಗೇರಿಸಿ ಗುಡ್ಡದ ಕಡೆ ಓಡಿದೆ.

ಮೊದಲ ತಿರುವು ದಾಟುವಾಗ ಕೆಳಗೆ ಭಾರಿ ಸದ್ದಾಯಿತು. ತಿರುಗಿ ನೋಡಿದರೆ ಲ್ಯಾಬಿನ ಹೆಂಚೂ ಕಾಣಲಿಲ್ಲ, ನದಿಯ ದಡವೂ ಕಾಣಲಿಲ್ಲ. ಕಂದು ನೀರು ಮಾತ್ರ.

ಎರಡನೇ ತಿರುವಿನಲ್ಲಿ ಬೆನ್ನ ಹಿಂದೆ ಯಾರೋ ಏದುಸಿರು ಬಿಡುತ್ತಿದ್ದರು. ನಿಂತೆ. ರಸ್ತೆ ಖಾಲಿ. ನನ್ನದೇ ಉಸಿರಿರಬೇಕು ಎಂದುಕೊಂಡು ಒಂದು ಕ್ಷಣ ಬಿಗಿಹಿಡಿದೆ. ಏದುಸಿರು ನಿಲ್ಲಲಿಲ್ಲ.

“ಬಂದೆ,” ಅಂದಿತು, ಕಿವಿಯ ಹತ್ತಿರ. “ಬಂದೆ ಅಕ್ಕಾ.”

ಅಲ್ಲಿಂದ ಮುಂದೆ ಕಾಲು ಎತ್ತಿಡುವುದೇ ಕಷ್ಟವಾಯಿತು. ಬ್ಯಾಗಿನ ಪಟ್ಟಿ ಸಡಿಲವಾಗಿಯೇ ಇತ್ತು. ಆದರೂ ಭುಜ ಕುಸಿಯುತ್ತಿತ್ತು, ಕುತ್ತಿಗೆ ತಣ್ಣಗಾಗುತ್ತಿತ್ತು.

ಮೈದಾನದಲ್ಲಿ ಅವಳು ಇರಲಿಲ್ಲ. ಹೆಸರು ಕೂಗಿ ಕೂಗಿ ಗಂಟಲು ಕಟ್ಟಿದ ಮೇಲೆ ನಮ್ಮ ಲ್ಯಾಬಿನ ಕಾವಲುಗಾರ ಸಿಕ್ಕ. ನನ್ನನ್ನು ಕಂಡವನೇ ತಲೆ ಮೇಲೆ ಕೈಯಿಟ್ಟುಕೊಂಡ.

“ನೀವು ಇಲ್ಲಿದ್ದೀರಾ ಮೇಡಂ? ನಿಮ್ಮ ತಂಗಿ ಹಿಂದಿನ ಓಣಿಯಿಂದ ಲ್ಯಾಬಿಗೆ ಬಂದಿದ್ರಲ್ಲ!”

“ಲ್ಯಾಬಿಗಾ? ಯಾಕೆ?”

“‘ಎರಡು ಬ್ಯಾಗ್ ಹೊರೋಕಾಗಲ್ಲ, ಅದಕ್ಕೆ ಅಕ್ಕಂದೇ ತಂದೆ’ ಅಂದ್ರು. ನೀವು ಹೊರಟುಬಿಟ್ರಿ ಅಂದೆ. ‘ಬರ್ತೀನಿ ಅಂದಿದೀನಿ, ನಮ್ಮಕ್ಕ ಕಾಯ್ತಿರ್ತಾಳೆ’ ಅಂತ ಒಳಗೆ ಹೋದ್ರು. ಉಸಿರು ಸಿಗ್ತಿರ್ಲಿಲ್ಲ ಅವರಿಗೆ. ನಾನು ಕೂಗಿ ಕೂಗಿ...”

ಸಂಜೆ ಬಿಸಿಲು ಇರುವಾಗಲೇ ಹೆಲಿಕಾಪ್ಟರ್ ಬಂತು. ಹತ್ತುವವರನ್ನು ಬ್ಯಾಗ್ ಸಮೇತ ತೂಗಿ ಬಿಡುತ್ತಿದ್ದರು. ನಾನು ತೂಕದ ಯಂತ್ರದ ಮೇಲೆ ನಿಂತೆ. ತೂಗುವವನು ಅಂಕಿ ನೋಡಿದ, ನನ್ನನ್ನು ನೋಡಿದ.

“ಬ್ಯಾಗಲ್ಲಿ ಕಲ್ಲು ತುಂಬಿದ್ದೀರಾ ಅಕ್ಕಾವ್ರೇ? ಅದೊಂದನ್ನೇ ಇಡಿ ನೋಡೋಣ.”

ಬ್ಯಾಗನ್ನು ಇಟ್ಟೆ. ಆರು ಕೆಜಿ.

“ಯಂತ್ರ ಸರಿಯಾಗೇ ಇದೆಯಲ್ಲ,” ಎಂದು ಗೊಣಗಿ, ಬ್ಯಾಗನ್ನು ಪಕ್ಕಕ್ಕಿಟ್ಟು, “ಈಗ ನೀವೊಬ್ರೇ ನಿಲ್ಲಿ,” ಅಂದ.

ಹೊರ ಜೇಬಿನಿಂದ ಇನ್‌ಹೇಲರ್ ತೆಗೆದು ಅವನ ಮೇಜಿನ ಮೇಲಿಟ್ಟೆ. ಕೈಯಲ್ಲಿ ಏನೂ ಇಲ್ಲದೆ, ಬೆನ್ನ ಮೇಲೂ ಏನೂ ಇಲ್ಲದೆ ಯಂತ್ರ ಹತ್ತಿ ಅಲುಗಾಡದೆ ನಿಂತೆ. ಅಂಕಿ ಸ್ವಲ್ಪ ಹೊತ್ತು ಓಡಿ ನಿಂತಿತು.

ನೂರ ಎರಡು ಕೆಜಿ.