ಏಳನೆಯ ಚೌಕಟ್ಟು

ಟಕ್, ಟಕ್ — ಮುಂಬಾಗಿಲಿನದು ಇದು, ಬಲಗಡೆಯ ಪಟ್ಟಿ, ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿದರೂ ಹೇಳಿಯಾಳು, ಇಪ್ಪತ್ತಾರು ವರ್ಷದಿಂದ ತಿಂಗಳಿಗೊಂದು ಭಾನುವಾರ ಕೇಳಿಕೊಂಡು ಬಂದ ಸದ್ದು, ಅವನು ನಡುಬೆರಳನ್ನು ಕೊಕ್ಕೆಯ ಹಾಗೆ ಮಡಚಿ ಗೆಣ್ಣಿನಿಂದ ಎರಡೇ ಎರಡು ಸಲ ತಟ್ಟುವುದು, ಮೂರನೆಯ ಸಲ ತಟ್ಟುವವನು ಬಡಗಿಯೇ ಅಲ್ಲವೆಂದು ಅವನ ಮತ, ಎರಡಕ್ಕೆ ಬಾಯಿಬಿಡದ ಮರ ಇಪ್ಪತ್ತಕ್ಕೂ ಬಿಡುವುದಿಲ್ಲವಂತೆ — ಅವಳ ಕಾಲು ಹೊಲಿಗೆ ಯಂತ್ರದ ಪೆಡಲಿನಿಂದ ತನಗೆ ತಾನೇ ಎದ್ದಿದೆ, ಸೂಜಿ ಬಟ್ಟೆಯೊಳಗೇ ನಿಂತಿದೆ, ಶಾಲೆಯ ಸಮವಸ್ತ್ರದ ಅಂಗಿ, ಒಂದು ತೋಳು ಕೂಡಿಸಿಯಾಯಿತು ಇನ್ನೊಂದು ಇಲ್ಲ, ಶುಕ್ರವಾರಕ್ಕೆ ನಲವತ್ತು ಅಂಗಿ ಕೊಡಬೇಕು, ಕೊಡೋಣ, ಇವತ್ತು ಅಂಗಿಯ ಸರದಿಯಲ್ಲ. ಗಂಡ ಮರ ತಟ್ಟುವಾಗ ಹೆಂಡತಿ ಯಂತ್ರ ನಿಲ್ಲಿಸಬೇಕು, ಮನೆಯ ಕಾನೂನು, ಕಾಲು ತೆಗಿಯೇ, ಮರ ಮಾತಾಡ್ತಿದೆ, ಎಂದು ಮೊದಲೆಲ್ಲ ಅಲ್ಲಿಂದಲೇ ಕೂಗುತ್ತಿದ್ದ, ಈಗ ಕೂಗುವುದಿಲ್ಲ, ತಟ್ಟುತ್ತಾನೆ, ಕತ್ತು ತಿರುಗಿಸಿ ಇವಳ ಕಡೆ ನೋಡುತ್ತಾನೆ, ಚಪ್ಪಾಳೆಗೆ ಕಾದ ನಾಟಕದವನ ಹಾಗೆ, ಇವಳು ತಲೆಯಾಡಿಸುತ್ತಾಳೆ, ಗಟ್ಟಿ, ಎನ್ನುತ್ತಾನೆ. ಗಟ್ಟಿ, ಎಂದ ಈಗಲೂ, ಹಿಂದೆ ನಿಂತಿರುವ ಗೆದ್ದಲು ಕಂಪನಿಯವನಿಗೆ ಕೇಳಲೆಂದು ಕೊಂಚ ಜೋರಾಗಿಯೇ. ಪಾಪ ಅವನು, ಕೊರಳಿಗೆ ಟಾರ್ಚು ನೇತುಹಾಕಿಕೊಂಡು, ರಟ್ಟಿಗೆ ಸಿಕ್ಕಿಸಿದ ಅರ್ಜಿ ಹಿಡಿದು, ಬ್ಯಾಗು ಬಿಚ್ಚಲೂ ಬಿಟ್ಟಿಲ್ಲ ಇವನು, ಮೊದಲು ನಾನು ನೋಡ್ತೀನಿ, ಆಮೇಲೆ ನಿಮ್ಮ ಸಾಮಾನು, ನಾನು ಕೂರಿಸಿದ ಮರ ಹೇಗಿದೆ ಅಂತ ಟಾರ್ಚಿಗೇನು ಗೊತ್ತು. ಒಂದು ಆಯಿತು. ಮನೆಯಲ್ಲಿ ಒಟ್ಟು ಒಂಬತ್ತು ಚೌಕಟ್ಟು.

ಕಂಪನಿಯವನನ್ನು ಕರೆಸಿದ್ದು ಅವಳೇ, ಗಂಡನನ್ನು ಕೇಳದೆ, ಮೊನ್ನೆ ಫೋನು ಮಾಡಿ, ಮದುವೆಯಾದ ಮೇಲೆ ಅವನನ್ನು ಕೇಳದೆ ಮಾಡಿದ ಕೆಲಸಗಳನ್ನು ಒಂದೇ ಕೈಯಲ್ಲಿ ಎಣಿಸಬಹುದು, ಇದು ಹೆಬ್ಬೆರಳು. ಬೆಳಿಗ್ಗೆ ಗೇಟಿನಲ್ಲಿ ಕಂಪನಿಯವನನ್ನು ಕಂಡ ಕೂಡಲೇ ಗಂಡನ ಮುಖ ಊದಿಕೊಂಡಿತು, ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯ್ತಲ್ಲೇ ನಿಂದು, ನಾನಿಲ್ವಾ ಮನೇಲಿ? ಇದ್ದೀರಿ, ಇದ್ದೀರಲ್ಲ, ನೀವಿರೋದೇ ಕಷ್ಟ ಆಗಿರೋದು ಎಂದು ನಾಲಗೆಯ ತುದಿಯವರೆಗೆ ಬಂದದ್ದನ್ನು ನುಂಗಿಕೊಂಡಳು. ಟಕ್, ಟಕ್ — ಎರಡನೆಯದು, ಮುಂದಿನ ಕಿಟಕಿ, ತಲೆಯಾಡಿಸಿದಳು, ಗಟ್ಟಿ. ಬೇಕೋ ಬೇಡವೋ ಎಂದು ಅವಳು ಮೂರು ವಾರ ತೂಗಿದ್ದಾಳೆ, ಸುಮ್ಮನೆ ಹಟಕ್ಕೆ ಬಿದ್ದವಳಲ್ಲ, ಮನೆಗೆ ವಿಮೆ ಇದೆಯಲ್ಲ ಎಂದು ಆ ಕಚೇರಿಗೂ ಹೋಗಿ ಕೇಳಿದ್ದಾಳೆ, ಅಲ್ಲಿನ ಹುಡುಗಿ ನಗುತ್ತಲೇ ಹೇಳಿದಳು, ಬೆಂಕಿ ಬಿದ್ರೆ ಕೊಡ್ತೀವಿ, ಪೈಪು ಒಡೆದ್ರೆ ಕೊಡ್ತೀವಿ, ಗೆದ್ದಲಿಗೆ ಇಲ್ಲ ಆಂಟಿ, ಅದು ದಿಢೀರಂತ ಬರೋದಲ್ಲ, ನಿಧಾನಕ್ಕೆ ಬರೋದು, ನೀವು ನೋಡ್ಕೋಬೇಕಿತ್ತು ಅಂತಾರೆ. ನೋಡ್ಕೋಬೇಕಿತ್ತು — ಆ ಮಾತು ಮೂರು ದಿನ ಕಿವಿಯಲ್ಲೇ ಕೂತಿತ್ತು. ಕಂಪನಿಯವನಂತೂ ಫೋನಿನಲ್ಲೇ ಪಾಠ ಮಾಡಿದ, ಚಳಿ ಬೀಳೋ ಊರಲ್ಲಾದ್ರೆ ಅವು ನಾಲ್ಕು ತಿಂಗಳಾದ್ರೂ ಮಣ್ಣಿನ ಆಳಕ್ಕೆ ಹೋಗಿ ತೆಪ್ಪಗಿರ್ತವೆ ಅಮ್ಮ, ನಮ್ಮದು ಬೆಚ್ಚಗಿರೋ ಊರು, ಇಲ್ಲಿ ಅವಕ್ಕೆ ಭಾನುವಾರವೂ ಇಲ್ಲ, ವರ್ಷಕ್ಕೆರಡು ಸಲ ಬಂದು ನೋಡ್ತೀವಿ, ಕಂಡ್ರೆ ಔಷಧಿ ನಮ್ಮದು, ಮರ ತಿಂದು ಹಾಕಿದ್ರೆ ಹೊಸ ಮರವೂ ನಮ್ಮದು, ಆದ್ರೆ ಒಂದು — ಈಗಾಗಲೇ ಇದ್ರೆ ಮೊದಲೇ ಹೇಳ್ಬಿಡಿ, ಅದನ್ನ ಕೊಂದು ಸರಿಮಾಡಿ ಆಮೇಲೆ ಕರಾರು, ಇಲ್ಲ ಅಂತ ಬರೆಸಿ ಆಮೇಲೆ ಹಳೇದು ಸಿಕ್ತೋ, ಆ ಕಾಗದ ಪೊಟ್ಟಣ ಕಟ್ಟೋಕೆ. ಮನೆಯವರು ಒಪ್ಪದೆ ಬಣ್ಣ ಕೆರೆದು ನೋಡುವ ಹಾಗೂ ಇಲ್ಲವಂತೆ. ಆ ರಟ್ಟಿನ ಮೇಲೆ ಇರುವುದು ಅದೇ ಅರ್ಜಿ, ನಾಲ್ಕನೆಯ ಸಾಲಿನಲ್ಲಿ ಎರಡು ಚೌಕ, ಇದೆ, ಇಲ್ಲ, ಒಂದಕ್ಕೆ ಗುರುತು ಹಾಕಬೇಕು, ಕೆಳಗೆ ಇಬ್ಬರ ಸಹಿ, ಮನೆ ಇಬ್ಬರ ಹೆಸರಿನಲ್ಲಿದೆ. ಬೆಂಕಿ ಬಿದ್ದಾಗ ಬಾವಿ ತೋಡುವವಳಾಗುವುದಿಲ್ಲ ಅವಳು, ಸಹಿ ಇವತ್ತೇ ಆಗಬೇಕು, ನಿಜವನ್ನೇ ಬರೆದು ಆಗಬೇಕು, ಇಲ್ಲದಿದ್ದರೆ ಸಹಿ ಮಾಡಿಯೂ ಮಾಡದ ಹಾಗೆಯೇ. ಮೂರನೆಯದು, ಮಲಗುವ ಕೋಣೆಯ ಬಾಗಿಲು. ಗಟ್ಟಿ.

ಗಟ್ಟಿಯೇ, ಅದು ಸುಳ್ಳಲ್ಲ, ಅವನು ಕಟ್ಟಿದ್ದು ಯಾವುದು ಗಟ್ಟಿಯಿಲ್ಲ ಹೇಳಿ, ಕಿವಿಮೇಸ್ತ್ರಿ ಎಂದು ಸುಮ್ಮನೆ ಹೆಸರು ಬಂತೇ, ಮರದ ಡಿಪೋದವನು ದಿಮ್ಮಿ ಕೊಳ್ಳುವ ಮೊದಲು ಇವನಿಗೆ ಹೇಳಿಕಳಿಸುತ್ತಿದ್ದ, ಇವನು ಹೋಗಿ ದಿಮ್ಮಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬೆರಳು ಮಡಚಿದನೆಂದರೆ ಕೂಲಿಯವರೆಲ್ಲ ಬಾಯಿ ಮುಚ್ಚಿಕೊಂಡು ನಿಲ್ಲುವುದು, ಟಕ್ ಟಕ್, ಇದರ ಹೊಟ್ಟೇಲಿ ಒಂದು ಮೊಳ ಪೊಳ್ಳಿದೆ, ಬೇಡ, ಕೊಯ್ದು ನೋಡಿದರೆ ಸರಿಯಾಗಿ ಒಂದು ಮೊಳ, ಮದುವೆಯಾದ ಹೊಸತರಲ್ಲಿ ಒಮ್ಮೆ ಅವಳನ್ನೂ ಕರೆದುಕೊಂಡು ಹೋಗಿದ್ದ, ಹೊಟ್ಟೆಯ ಮೇಲೆಲ್ಲ ಮರದ ಪುಡಿ ಅಂಟಿಸಿಕೊಂಡು ಅಷ್ಟು ಜನರ ನಡುವೆ ನಿಂತಿದ್ದವನನ್ನು ಕಂಡು ಅವಳಿಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಆಮೇಲೆ ಗರಗಸದ ಯಂತ್ರ ಬಂತು, ಕಿವಿಗೆ ಹತ್ತಿ ಇಟ್ಕೊಳ್ರೀ ಎಂದರೆ, ಹತ್ತಿ ಇಟ್ಕೊಂಡ್ರೆ ಮರ ಕಿರುಚೋದು ಹೇಗೆ ಕೇಳ್ಬೇಕು, ಇಪ್ಪತ್ತು ವರ್ಷ ಆ ಕಿರುಚಾಟದ ಪಕ್ಕದಲ್ಲೇ, ಅವನು ಹಿಡಿದ ಮೊಲಕ್ಕೆ ಮೂರೇ ಕಾಲು. ಟಿವಿಯ ಸದ್ದು ಏರುತ್ತಾ ಹೋಯಿತು, ಹಾಲಿನವನು ಕರೆದರೆ ಅವಳೇ ಹೋಗುವಂತಾಯಿತು, ಆದರೂ ಅವಳು ಹೌದೆಂದು ಒಪ್ಪಿಕೊಂಡಿರಲಿಲ್ಲ, ಒಪ್ಪಿಕೊಂಡದ್ದು ಎರಡು ವರ್ಷದ ಹಿಂದಿನ ಒಂದು ಭಾನುವಾರ, ತುರ್ತಿನ ಹೊಲಿಗೆ, ಅವನು ತಟ್ಟಲು ಶುರುಮಾಡಿದ್ದನ್ನು ಗಮನಿಸದೆ ಯಂತ್ರ ಓಡಿಸುತ್ತಲೇ ಇದ್ದಳು, ಭರ್ರೆಂದು, ತಲೆಯೆತ್ತಿ ನೋಡಿದರೆ ಅವನು ಆರನೆಯ ಚೌಕಟ್ಟಿನ ಹತ್ತಿರ, ಕಾಲು ತೆಗಿ ಎನ್ನಲಿಲ್ಲ, ಹುಬ್ಬು ಗಂಟಿಕ್ಕಲಿಲ್ಲ, ಆ ಭರಾಟೆಯಲ್ಲೇ ಎರಡು ಸಲ ತಟ್ಟಿ, ಇವಳ ಕಡೆ ನೋಡಿ, ಗಟ್ಟಿ ಎಂದ. ಅವನಿಗೆ ಯಂತ್ರವೂ ಕೇಳುತ್ತಿಲ್ಲ ಮರವೂ ಕೇಳುತ್ತಿಲ್ಲ. ಆ ಮಧ್ಯಾಹ್ನ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು, ನಲ್ಲಿ ಬಿಡುವ ಅಗತ್ಯವಿರಲಿಲ್ಲ ಎಂದು ಆಮೇಲೆ ಹೊಳೆದು ಇನ್ನಷ್ಟು ಅತ್ತಳು. ಅವನಿಗೆ ಹೇಳಲಿಲ್ಲ, ಹೇಗೆ ಹೇಳುವುದು, ಕಿವಿಮೇಸ್ತ್ರಿಗೆ ಕಿವಿಯಿಲ್ಲವೆಂದು ಹೆಂಡತಿ ಹೇಳಬೇಕೇ. ನಾಲ್ಕು, ಐದು, ಗಟ್ಟಿ, ಗಟ್ಟಿ. ಆಮೇಲೆ ಪಕ್ಕದ ಮನೆಯ ಮೇಷ್ಟ್ರು, ನಿವೃತ್ತರು, ಮರ್ಯಾದಸ್ಥರು, ಪುಸ್ತಕದ ಕೋಣೆಗೊಂದು ಸಲ ಬಂದು ತಟ್ಟಿ ನೋಡಿ ಎಂದು ಕರೆದರು, ಇವನು ಒಬ್ಬನೇ ಹೋದ, ತಟ್ಟಿದ, ಗಟ್ಟಿ ಎಂದು ಬಂದ, ಎರಡೇ ತಿಂಗಳಿಗೆ ಗೋಡೆಯ ಕಪಾಟು ಕಿತ್ತುಕೊಂಡು ನಲವತ್ತು ವರ್ಷದ ಪುಸ್ತಕ ಮಣ್ಣಾಗಿ ಮೇಷ್ಟ್ರ ಮೇಲೇ ಬಿತ್ತು, ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಗೇಟಿನ ಹತ್ತಿರ ನಿಂತು ಮೆಲ್ಲಗೆ ಹೇಳಿದರು, ನಿಮ್ಮ ಯಜಮಾನರಿಗೆ ತಿಳಿಸ್ಬೇಡಿ ತಾಯಿ, ನೊಂದ್ಕೋತಾರೆ. ಅಂದರೆ ಮೇಷ್ಟ್ರಿಗೆ ಗೊತ್ತು, ಮೇಷ್ಟ್ರ ಹೆಂಡತಿಗೆ ಗೊತ್ತು, ಬೀದಿಗೆಲ್ಲ ಗೊತ್ತಿರಬೇಕು, ಎಲ್ಲರೂ ಸೇರಿ ಅವನ ಮುಂದೆ ಗಟ್ಟಿ ಗಟ್ಟಿ ಎನ್ನುತ್ತಿದ್ದಾರೆ.

ಆರನೆಯದು, ಹಿತ್ತಿಲ ಬಾಗಿಲು, ಗಟ್ಟಿ — ಇನ್ನು ಏಳನೆಯದು. ಬಚ್ಚಲಿಗೆ ಅಂಟಿಕೊಂಡ ಉಗ್ರಾಣದ ಚೌಕಟ್ಟು, ಅದರ ಮೇಲೆ ಹ್ಯಾಂಗರಿನಲ್ಲಿ ಎಂಟು ಅಂಗಿ ಸಾಲಾಗಿ ತೂಗುತ್ತಿವೆ, ತೂಗುಹಾಕಿದವಳು ಅವಳೇ, ಮೂರು ವಾರದ ಹಿಂದೆ ಪೊರಕೆಯ ಹಿಡಿ ಅಲ್ಲಿ ತಗುಲಿ ಸೀದಾ ಒಳಗೆ ಹೋಯಿತು, ಬೆರಳಿಟ್ಟರೆ ಬೆರಳೂ ಹೋಯಿತು, ಮೇಲೆ ಥಳಕು ಒಳಗೆ ಹುಳುಕು ಎನ್ನುತ್ತಾರಲ್ಲ, ಬಣ್ಣದ ಪದರವೊಂದು ಬಿಟ್ಟರೆ ಮರವೆಂಬುದೇ ಇಲ್ಲ, ಒದ್ದೆ ಮಣ್ಣು, ಬಿಳಿ ಹುಳುಗಳು ಬೆಳಕಿಗೆ ಗಾಬರಿಯಾಗಿ ಓಡಿದವು. ಅಂಗಿಗಳನ್ನು ತಂದು ಮುಚ್ಚಿದಳು. ಮುಂದಿನ ಭಾನುವಾರ ಅವನು ಅಂಗಿಗಳ ಪಕ್ಕದಲ್ಲಿ ಕೈ ತೂರಿಸಿ ತಟ್ಟಿದಾಗ ಡೊಳ್ಳಿನ ಹಾಗೆ ಸದ್ದಾಯಿತು, ಇವಳು ತಲೆಯಾಡಿಸಿದಳು, ಅವನು ಗಟ್ಟಿ ಎಂದ. ಇವತ್ತು ಬೇಡ. ಇವತ್ತು ಹೇಳಿಬಿಡುತ್ತಾಳೆ, ಕಂಪನಿಯವನ ಮುಂದೆಯೇ ಆದರೂ ಸರಿ, ನೊಂದುಕೊಂಡರೂ ಸರಿ, ಎರಡು ಹೊತ್ತು ಊಟ ಬಿಟ್ಟು ಕೂತರೂ ಸರಿ, ಸೂರು ತಲೆಯ ಮೇಲೆ ಬಿದ್ದ ಮೇಲೆ ಯಾರ ಮಾನ ಯಾರು ಕಾಯುತ್ತಾರೆ, ಆ ಉಗ್ರಾಣದ ಮೇಲಿನ ತೊಲೆ ಮಲಗುವ ಕೋಣೆಗೂ ಹೋಗುತ್ತದೆ, ಅದರ ಕೆಳಗೇ ಅವನು ಮಲಗುವುದು, ಅಂಗಾತ, ಬಾಯಿ ತೆರೆದುಕೊಂಡು. ಅವನು ಹ್ಯಾಂಗರುಗಳನ್ನು ಒಂದೊಂದಾಗಿ ತೆಗೆದು ಬಾಗಿಲಿಗೆ ಹಾಕುತ್ತಿದ್ದಾನೆ, ಮೆತ್ತಗೆ, ಅವಳ ಇಸ್ತ್ರಿ ಮುರಿಯದ ಹಾಗೆ, ಕಂಪನಿಯವನು ಟಾರ್ಚು ಹಚ್ಚಿದ, ಗಂಡ ಬೆರಳು ಮಡಚಿದ — ಡಬ್, ಡಬ್ — ಕಂಪನಿಯವನ ಹುಬ್ಬು ಮೇಲೇರಿತು, ಇವನು ಅವನ ಕಡೆ ನೋಡಲಿಲ್ಲ, ಮರದ ಕಡೆಗೂ ನೋಡಲಿಲ್ಲ, ಕತ್ತು ತಿರುಗಿಸಿ ಇವಳ ಮುಖ ನೋಡಿದ, ಕಾದ, ಎಂದಿನಂತೆಯೇ, ಚಪ್ಪಾಳೆಗೆ ಕಾದವನ ಹಾಗೆ — ಅಲ್ಲ. ಚಪ್ಪಾಳೆಗೆ ಕಾಯುವವನು ಹಾಗೆ ನೋಡುವುದಿಲ್ಲ, ಅವನ ಕಣ್ಣು ಇವಳ ಹಣೆ, ಹುಬ್ಬು, ತುಟಿಯ ಮೇಲೆ ಓಡಾಡುತ್ತಿದೆ, ಅಕ್ಷರ ಕೂಡಿಸಿಕೊಂಡು ಓದುವವನ ಹಾಗೆ. ದೇವರೇ. ಈ ಯಂತ್ರವನ್ನು ಕಿಟಕಿಯ ಹತ್ತಿರದಿಂದ ನಡುಮನೆಯ ಮಧ್ಯಕ್ಕೆ ತಂದಿಟ್ಟವನು ಅವನೇ, ಇಲ್ಲಿ ಬೆಳಕು ಚೆನ್ನಾಗಿ ಬೀಳುತ್ತೆ ಕೂತ್ಕೊಳೇ ಎಂದಿದ್ದ, ಇಲ್ಲಿ ಕೂತರೆ ಒಂಬತ್ತೂ ಚೌಕಟ್ಟಿನಿಂದ ಅವಳ ಮುಖ ಕಾಣುತ್ತದೆ, ತನ್ನ ಕಿವಿ ಹೋದದ್ದು ಅವನಿಗೆ ಗೊತ್ತು, ಅವಳಿಗಿಂತ ಮೊದಲಿನಿಂದ ಗೊತ್ತು, ಅದಕ್ಕೇ ಮೇಷ್ಟ್ರ ಮನೆಯಲ್ಲಿ ತಪ್ಪಿದ್ದು, ಅಲ್ಲಿ ಇವಳಿರಲಿಲ್ಲ. ಕಿವಿ ಹೋದಾಗ ಅವನು ತನ್ನ ಕೆಲಸವನ್ನು ಬಾಯಿಬಿಡದೆ ಅವಳ ಕೈಗೆ ಕೊಟ್ಟಿದ್ದ, ಅವಳು ಕರುಣೆ ಕರುಣೆಯೆಂದು ತಲೆಯಾಡಿಸಿ ಗೆದ್ದಲಿಗೆ ಮೂರು ವಾರ ಬಾಗಿಲು ತೆರೆದಿಟ್ಟಳು, ನಾಚಿಕೆಯಾಗುತ್ತಿದೆ, ಕತ್ತು ಹಳೆಯ ರೂಢಿಗೆ ಕೆಳಗಿಳಿಯಲು ಹೊರಟಿತು, ಹಿಡಿದು ನಿಲ್ಲಿಸಿದಳು, ಅವನ ಕಣ್ಣಿನಲ್ಲಿ ಕಣ್ಣಿಟ್ಟು ತಲೆಯನ್ನು ಅತ್ತ ಇತ್ತ ಆಡಿಸಿದಳು, ಇಲ್ಲ. ಅವನ ಬೆರಳು ಮಡಚಿದ್ದು ಹಾಗೆಯೇ ಇದೆ. ಬರ್ಕೊಳ್ಳಿ, ಎಂದ ಕಂಪನಿಯವನಿಗೆ, ಇದೆ ಅಂತ ಬರ್ಕೊಳ್ಳಿ, ಪೊಳ್ಳಾಗಿದೆ ಇದು, ಬಣ್ಣ ಕೆರೆದು ನೋಡಿ ಬೇಕಾದ್ರೆ, ದನಿಯಲ್ಲಿ ಡಿಪೋದ ಅದೇ ಠೀವಿ, ಕಂಪನಿಯವನು ಕಾಗದಕ್ಕೆ ಗುರುತು ಹಾಕಿದ, ಸಹಿಗೆ ಪೆನ್ನು ಚಾಚಿದ, ತಡೀರಿ ಸ್ವಾಮಿ, ಇನ್ನೂ ಎರಡಿದೆ, ಎಲ್ಲ ನೋಡಿ ಆಮೇಲೆ ಇಬ್ಬರೂ ಹಾಕ್ತೀವಿ. ಅಡುಗೆಮನೆಯ ಬಾಗಿಲಿಗೆ ಹೋದ, ಎಂಟನೆಯದು, ಕೈ ಎತ್ತಿದ, ಈ ಸಲ ಮೊದಲೇ ತಿರುಗಿಬಿಟ್ಟಿದ್ದಾನೆ, ಮರಕ್ಕೆ ಬೆನ್ನು, ಅವಳಿಗೆ ಮುಖ, ಇನ್ನೂ ತಟ್ಟಿಲ್ಲ, ಇನ್ನೂ ತಟ್ಟಿಲ್ಲ, ಮಡಚಿದ ಬೆರಳು, ಗೆಣ್ಣಿನ ಮೇಲೆ ಬಿಳಿಯಾಗಿ ಹಳೆಯ ಉಳಿಯ ಗಾಯ, ಬೆರಳು, ಅವಳ ಮೇಲೆಯೇ ನೆಟ್ಟ ಆ ಎರಡು ಕಣ್ಣು, ಬೆರಳು —