ಬೀಗಿತ್ತಿಯ ಜೊತೆ ಕಡಲ ದಾರಿ

ಮಗಳು ಸೆಹ್ವಾಳ ಮದುವೆ ಮಾತುಕತೆಗೆಂದು ರಾಜಧಾನಿ ಸೋಲ್‌ನ ದೊಡ್ಡ ಹೋಟೆಲಿನಲ್ಲಿ ನಾವೂ ಬೀಗರೂ ಎದುರುಬದುರು ಕೂತಾಗ ಯಾರ ಬಾಯಿಂದಲೂ ಮಾತು ಹೊರಡಲಿಲ್ಲ. ಬೀಗಿತ್ತಿ ಮ್ಯೊಂಗ್‌ಸುಕ್ ತುಟಿ ಒರೆಸಿಕೊಂಡಿದ್ದೇ ಒರೆಸಿಕೊಂಡಿದ್ದು. ನಾನೋ ತೆಬೆಕ್‌ನ ಗಣಿಗಳ ನಡುವೆ ಬೆಳೆದವಳು, ಶಾಲೆಯ ಅಡುಗೆಮನೆಯಲ್ಲಿ ದೊಡ್ಡ ಸೌಟು ಹಿಡಿದು ಬದುಕಿದವಳು. ಅವರ ಮುಂದೆ ಯಾವ ಚಮಚ ಮೊದಲು ಎತ್ತಬೇಕೆಂದೇ ತಿಳಿಯಲಿಲ್ಲ.

"ಹೀಗಾದ್ರೆ ಮದ್ವೆ ದಿನಾನೂ ಮೌನವ್ರತಾನೇ" ಎಂದು ಸೆಹ್ವಾ ಗೊಣಗಿದಳು. ಅವಳೂ ಅವಳ ಹುಡುಗ ಗ್ಯುಜಿನ್ನನೂ ಸೇರಿ ನಮ್ಮನ್ನು ಗೊಸೊಂಗ್ ಕಡೆಯ ಸರೋವರದ ದಂಡೆಗೆ ಕರೆದೊಯ್ದರು. ನನ್ನ ಗಂಡ, ಬೀಗ ಇಬ್ಬರೂ ಕೆಲಸದ ನೆಪ ಹೇಳಿ ತಪ್ಪಿಸಿಕೊಂಡರು. ಅಲ್ಲಿ ಪೈನ್ ತೋಪು ದಾಟಿದರೆ ಸಮುದ್ರ. ಒಂದು ಈರುಳ್ಳಿ ಬೇಕೆಂದರೂ ಕಾರು ಹತ್ತಬೇಕು.

"ನಾವು ಟೆಂಟು ಹಾಕ್ತೀವಿ, ನೀವಿಬ್ರೂ ಕಡಲ ದಾರೀಲಿ ಸುತ್ತಾಡ್ಕೊಂಡ್ ಬನ್ನಿ" ಎಂದು ಮಗಳು ನಮ್ಮನ್ನು ಅಟ್ಟಿದಳು.

"ತಾವು ಮುಂದೆ ನಡೀರಿ."

"ಇಲ್ಲ ಇಲ್ಲ, ತಾವೇ ನಡೀರಿ."

ಬಹಳ ದೂರದವರೆಗೆ ನಮ್ಮ ಮಾತು ಇಷ್ಟೇ. ದಾರಿ ಬಂಡೆಗಳ ಮೇಲೆ ಇಳಿದ ಕಡೆ ಬೀಗಿತ್ತಿಯ ಕಾಲು ಪಾಚಿಯ ಮೇಲೆ ಜಾರಿತು. ನೀರು ತುಂಬಿದ ಗುಳಿಯಲ್ಲಿ ದೊಪ್ಪನೆ ಕೂತರು. ಪರ್ರ್ ಎಂಬ ಸದ್ದೂ ಕೇಳಿಸಿತು. ನಾನು ಓಡಿಹೋಗಿ ಎಬ್ಬಿಸಿದೆ. ಅವರು ಹಿಂದೆ ಕೈಯಾಡಿಸಿಕೊಂಡು ಕೇಳಿದರು:

"ಪ್ಯಾಂಟು ಎಷ್ಟು ಹರಿದಿದೆ?"

"ಸ್ವಲ್ಪ..."

"ನಿಜ ಹೇಳಿ."

"ಒಳಗಿಂದು ಗುಲಾಬಿ ಬಣ್ಣದ್ದು ಅಂತ ಗೊತ್ತಾಗೋ ಅಷ್ಟು."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ತಡೆಯಲಾಗಲಿಲ್ಲ. ರಾತ್ರಿಗೆಂದು ನನ್ನ ಚೀಲದಲ್ಲಿ ತುರುಕಿಕೊಂಡಿದ್ದ ದೊಗಳೆ ಹೂವಿನ ಪೈಜಾಮವನ್ನು ಕೊಟ್ಟೆ. ಅದನ್ನು ಬಂಡೆಯ ಮರೆಯಲ್ಲಿ ಹಾಕಿಕೊಂಡು ಬಂದಾಗ ಅವರು ಬೇರೆಯೇ ಹೆಂಗಸಾಗಿದ್ದರು.

"ನಮ್ಮಮ್ಮ ಇಂಥದ್ದೇ ಹಾಕ್ಕೊಂಡು ಮೀನು ಮಾರ್ತಿದ್ಲು. ಹೋಟೆಲಲ್ಲಿ ಹೇಳೋಕೆ ನಾಚಿಕೆ ಆಯ್ತು" ಎನ್ನುತ್ತಲೇ ಬಂಡೆಗೆ ಅಂಟಿದ್ದ ಕಪ್ಪು ಚಿಪ್ಪುಮೀನುಗಳನ್ನು ಕೀಳತೊಡಗಿದರು. ಎಂಥ ಚುರುಕು ಬೆರಳು!

"ಏಯ್, ಕಳ್ಳೀರಾ!"

ಪಕ್ಕದ ನೀರಿನಿಂದ ಮುಳುಗುಗಾರರ ಕನ್ನಡಕ ತೊಟ್ಟ ಮುದುಕಿಯೊಬ್ಬಳು ಎದ್ದಳು. ಊರಿನ ಪರವಾಗಿ ಚಿಪ್ಪು ತೆಗೆಯುವವಳು. "ಬೋರ್ಡು ಓದಕ್ಕೆ ಬರಲ್ವಾ? ಇದು ನಮ್ಮೂರಿನ ಕಡಲು!"

"ಎರಡೇ ಅಜ್ಜೀ, ಕೈ ತಡೀಲಿಲ್ಲ. ಮಕ್ಕಳ ಮದ್ವೆ..." ಎಂದರು ಬೀಗಿತ್ತಿ.

"ಬೀಗಿತ್ತೀರಾ? ಕದಿಯೋಕೂ ಜೋಡೀನಾ! ಬನ್ನಿ, ಈ ಮೂಟೆ ಎತ್ತಿ."

ನೀರು ಸೋರುವ ಬಲೆಮೂಟೆಯನ್ನು ಇಬ್ಬರೂ ಊರಿನ ಜೆಟ್ಟಿಯವರೆಗೆ ಹೊತ್ತೆವು. ದಾರಿಯಲ್ಲಿ ಬೀಗಿತ್ತಿ ನಾನು ಹುಟ್ಟಿದ ವರ್ಷ ಕೇಳಿದರು. ಪ್ರಾಣಿಗಳ ಹೆಸರಿನ ನಮ್ಮ ಲೆಕ್ಕದಲ್ಲಿ ನಾನು ಕುದುರೆ ವರ್ಷದವಳು, ಅವರು ಅದರ ಮರುವರ್ಷ, ಕುರಿ ವರ್ಷದವರು.

"ಹಂಗಾದ್ರೆ ನೀನು ಅಕ್ಕ. ಭಾರದ ಕಡೆ ನೀನೇ ಹಿಡ್ಕೋ."

"ಇಷ್ಟು ಬೇಗ ತಾವು ಹೋಗಿ ನೀನು ಶುರುವಾಯ್ತಾ!"

ಮುದುಕಿ ಚೀಲ ತುಂಬ ಚಿಪ್ಪು ಕೊಟ್ಟು, "ಮದ್ವೆ ಸಾರಿಗೆ ಹಾಕ್ಕೊಳ್ಳಿ" ಎಂದು ಬೆನ್ನ ಮೇಲೆ ಗುದ್ದಿ ಕಳಿಸಿದಳು.

ಫೋನುಗಳನ್ನು ಕಾರಿನಲ್ಲೇ ಬಿಟ್ಟಿದ್ದೆವು. ಮಕ್ಕಳು ನಮ್ಮನ್ನು ಹುಡುಕಲು ಹೊರಟು, ತೋಪಿನ ಬಾಯಲ್ಲೇ ಎದುರಾದರು.

"ಅಮ್ಮಾ, ಇದೇನ್ ವೇಷ?" ಎಂದು ಗ್ಯುಜಿನ್ ಬಾಯಿ ತೆರೆದು ನಿಂತ.

"ವೇಷ ಆಮೇಲೆ ನೋಡು, ಮೊದ್ಲು ಒಲೆ ಹಚ್ಚು. ಅಕ್ಕಂಗೆ ಹಸಿವಾಗಿದೆ."

"ಅಕ್ಕಾನಾ?" ಸೆಹ್ವಾ ನನ್ನ ಮುಖ ನೋಡಿದಳು. ನಾನು ಟೆಂಟಿನ ಮುಂದೆ ಹೋಗಿ ಬೆಳ್ಳುಳ್ಳಿ ಸುಲಿಯಲು ಕೂತೆ.

ಸರೋವರದ ಮೇಲೆ ಬಿಸಿಲು ಕೆಂಪಾಗುವ ಹೊತ್ತಿಗೆ ಸಾರು ಕುದಿಯಿತು. ಮದುವೆ ತೆಬೆಕ್‌ನಲ್ಲೋ ಸೋಲ್‌ನಲ್ಲೋ ಎಂಬ ಜಗಳವೂ ಆಗಲೇ ಹತ್ತಿಕೊಂಡಿತು. ಬೀಗಿತ್ತಿ ನನ್ನೂರು ತೆಬೆಕ್‌ನಲ್ಲೇ ಆಗಲಿ ಎನ್ನುತ್ತಾಳೆ, ನಾನು ಅವಳ ಸೋಲ್‌ನಲ್ಲೇ ಆಗಲಿ ಎನ್ನುತ್ತೇನೆ. ಮಕ್ಕಳನ್ನು ಕೇಳುವವರೇ ಇಲ್ಲ.