ಎರಡನೇ ಮಹಡಿಯ ಕೋಣೆ

ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೆಲಸ. ಅಲ್ಲಿ ಓರಗಿತ್ತಿಯರಿಬ್ಬರೂ ಜೋಡಿ. ಒದ್ದೆ ಹಾಸುಬಟ್ಟೆಯನ್ನು ಆ ತುದಿ ಒಬ್ಬಳು, ಈ ತುದಿ ಒಬ್ಬಳು ಹಿಡಿದು ಕೊಡವಿ ಮಡಚಬೇಕು. ಕೈ ಕೆಲಸ ಮಾಡುತ್ತಿದ್ದರೆ ಬಾಯಿಗೇನು ಬಿಡುವೇ. ಮನೆಯಲ್ಲಿ ಅತ್ತೆಯ ಮುಂದೆ ಆಡಲಾಗದ ಮಾತೆಲ್ಲ ಇಲ್ಲೇ ಹೊರಬರುತ್ತಿತ್ತು.

"ಅಕ್ಕಾ, ಮುಟ್ಟು ನಿಂತು ಎರಡು ವರ್ಷ ಆಗಿತ್ತು. ಈಗ ಮತ್ತೆ ಶುರುವಾಗಿದೆ," ಎಂದಳು ಕಿರಿಯವಳು ಒಂದು ದಿನ.

"ಏನೇ, ಮತ್ತೆ ದೊಡ್ಡವಳಾದ್ಯಾ? ಗಂಡನಿಗೆ ಹುಷಾರಾಗಿರೋಕೆ ಹೇಳು!" ಎಂದು ಹಿರಿಯವಳು ನಕ್ಕಳು. ಸುತ್ತಲಿದ್ದ ಹೆಂಗಸರೆಲ್ಲ ನಕ್ಕರು. ಕಿರಿಯವಳೂ ನಕ್ಕು, ಆಮೇಲೆ ಆ ವಿಷಯ ಎತ್ತಲೇ ಇಲ್ಲ.

ಎರಡನೇ ಮಹಡಿಯಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಪರೀಕ್ಷೆ ನಡೆಯುತ್ತಿತ್ತು. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಮಾತ್ರ. ಕಚೇರಿಯ ಹೆಂಗಸರು ಚಹಾ ಕುಡಿಯಲು ಎದ್ದಾಗಲೇ ಹೋಗಿ ಮಾಡಿಸಿಕೊಂಡು ಬರುತ್ತಿದ್ದರು. ಗುತ್ತಿಗೆಯ ಮೇಲೆ ಒಗೆಯುವವರು ಆ ಹೊತ್ತಿಗೆ ಯಂತ್ರ ಬಿಟ್ಟರೆ ಅರ್ಧ ದಿನದ ಗೈರುಹಾಜರಿ. ಆದರೂ ನರ್ಸಮ್ಮ ಒಮ್ಮೆ ಕೆಳಗಿಳಿದು ಬಂದು, "ನೋವಿಲ್ಲದಿದ್ರೂ ಬನ್ನಿ, ಕಾಯಿಲೆ ಆಗೋ ಮುಂಚೆನೇ ಗೊತ್ತಾಗುತ್ತೆ," ಎಂದು ಹೇಳಿ ಹೋದಳು.

ಕಿರಿಯವಳು ಆ ಮಾತನ್ನು ಮನೆಗೆ ತಂದಳು. ಸೊಸೆಯಂದಿರು ಅತ್ತೆಯನ್ನು ಕೇಳದೆ ಡಾಕ್ಟರ ಹತ್ತಿರ ಹೋಗುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

"ಇಲ್ಲದ ಕಾಯಿಲೆ ಹುಡುಕ್ಕೊಂಡು ಹೋಗ್ತಾರೇನೇ? ಹಾದೀಲಿ ಹೋಗೋ ಮಾರಿನ ಮನೆಗೆ ಕರೆದ ಹಾಗೆ! ನಾಲ್ಕು ಹೆತ್ತೆ ನಾನು, ಯಾರ ಮುಂದೆ ಸೀರೆ ಎತ್ತಿದ್ದೆ? ನಾಳೆ ಬೀದಿಯವರು ಏನಂದಾರು?" ಎಂದರು ಅತ್ತೆ.

ಕಿರಿಯವಳು ಓರಗಿತ್ತಿಯ ಮುಖ ನೋಡಿದಳು. ಹಿರಿಯವಳು ತಟ್ಟೆ ತೊಳೆಯುತ್ತಾ ಸುಮ್ಮನಿದ್ದಳು. ಒಂದೇ ಒಂದು ಮಾತು, "ನಾನೂ ಜೊತೆಗೆ ಹೋಗ್ತೀನಿ ಅತ್ತೆ" ಅಂದಿದ್ದರೆ ಸಾಕಿತ್ತು. ಅದನ್ನು ನೆನೆದು ಹಿರಿಯವಳು ಇಂದಿಗೂ ತನ್ನನ್ನು ತಾನೇ ಶಪಿಸಿಕೊಳ್ಳುತ್ತಾಳೆ.

ವರ್ಷ ಕಳೆಯುವುದರೊಳಗೆ ಕಿರಿಯವಳು ಇಸ್ತ್ರಿ ಮೇಜಿನ ಪಕ್ಕ ಕುಸಿದು ಬಿದ್ದಳು. ರಕ್ತ ನಿಲ್ಲಲಿಲ್ಲ. ಪರೀಕ್ಷಿಸಿದ ಡಾಕ್ಟರಮ್ಮ, "ತುಂಬಾ ತಡವಾಯ್ತಲ್ಲ ತಾಯಿ. ಕೆಲವು ವರ್ಷ ಮುಂಚೆ ಒಂದು ಪರೀಕ್ಷೆ ಮಾಡಿಸಿದ್ರೆ ಇಷ್ಟಕ್ಕೆ ಬರ್ತಿರಲಿಲ್ಲ. ಯಾವ ಊರಿಂದ ಬಂದಿದ್ದೀರಿ?" ಎಂದು ಕೇಳಿದರು.

"ಇದೇ ಆಸ್ಪತ್ರೆಯವರು ಅಮ್ಮಾ," ಎಂದಳು ಹಿರಿಯವಳು. "ಕೆಳಗಡೆ ಬಟ್ಟೆ ಒಗೀತೀವಿ. ಒಂಬತ್ತು ವರ್ಷ ಆಯ್ತು."

ಕಿರಿಯವಳು ಆ ಹಾಸಿಗೆಯಿಂದ ಮತ್ತೆ ಏಳಲೇ ಇಲ್ಲ.

ಓದುವ ತಾಯಂದಿರೇ, ಔಷಧವಿಲ್ಲದ ಊರಲ್ಲಿ ಸತ್ತವಳಲ್ಲ ಇವಳು. ಅರವತ್ತು ಮೆಟ್ಟಿಲು ಹತ್ತಲು ನಾವು ಬಿಡದೆ ಸತ್ತವಳು.

ತಿಂಗಳು ಕಳೆದ ಮೇಲೆ ಹಿರಿಯವಳು ಕೆಲಸಕ್ಕೆ ಹೊರಟವಳು ಬಾಗಿಲಲ್ಲಿ ನಿಂತು, "ಅತ್ತೆ, ಇವತ್ತು ಆ ಪರೀಕ್ಷೆ ಮಾಡಿಸ್ಕೊಂಡು ಬರ್ತೀನಿ," ಎಂದಳು.

"ನೀನೂನಾ? ಮನೆ ಮರ್ಯಾದೆ..."

"ಮರ್ಯಾದೆ ಉಳೀತು ಅತ್ತೆ. ಅವಳು ಉಳೀಲಿಲ್ಲ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ಬೇಡ ಎನ್ನಲಿಲ್ಲ. ಹತ್ತು ಗಂಟೆಗೆ ಅವಳು ಯಂತ್ರ ಬಿಟ್ಟು ಹೊರಟಾಗ ಮೇಸ್ತ್ರಿ ಗೈರುಹಾಜರಿಯ ಪುಸ್ತಕ ತೆರೆದ. "ಬರ್ಕೊಳ್ಳಿ," ಎಂದು ಹೇಳಿ ಅವಳು ಮೆಟ್ಟಿಲು ಹತ್ತಿದಳು.

ನರ್ಸಮ್ಮ ಚೀಟಿ ಬರೆಯುತ್ತಾ, "ಒಬ್ಬರೇನಾ?" ಎಂದು ಕೇಳಿದಳು.

"ಇಬ್ಬರು ಬರಬೇಕಿತ್ತು ಸಿಸ್ಟರ್," ಎಂದಳು ಹಿರಿಯವಳು. "ನಾನೊಬ್ಬಳೇ ಬಂದೆ."